ಮುದುಕನ ಪಾರ್ಟು, ಹರೆಯದ ಹಲ್ಲು

ನಾನು ಒಂದು ಹಲ್ಲಿನ ಸೆಟ್ಟು. ಮೇಲಿನ ಸಾಲು, ಕೆಳಗಿನ ಸಾಲು ಎಂದು ನೋಡುವವರಿಗೆ ಇಬ್ಬರಂತೆ ಕಂಡರೂ ನಾನು ಒಬ್ಬನೇ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಕೆಲಸವಿಲ್ಲ. ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಓಣಿಯಲ್ಲಿ, ಹಲ್ಲಿನ ಡಾಕ್ಟರು ಅನಂತರಾಯರ ಅಟ್ಟದ ಮೇಲಿನ ಕೋಣೆಯಲ್ಲಿ ನಾನು ಹುಟ್ಟಿದೆ. ಮೊದಲು ಮೇಣದಲ್ಲಿ ನನ್ನ ಆಕಾರ ಮಾಡಿದರು. ಆಮೇಲೆ ಕಲಸಿದ ಬಿಳಿ ಗಚ್ಚಿನಲ್ಲಿ ಹೂತರು. ಕೊನೆಗೆ ಗುಲಾಬಿ ಬಣ್ಣದ ಮುದ್ದೆಯೊಂದನ್ನು ತುಂಬಿ, ಹಿತ್ತಾಳೆಯ ಡಬ್ಬಿಯಲ್ಲಿ ಬಿಗಿದು, ಸ್ಟೋವಿನ ಮೇಲಿಟ್ಟ ನೀರಿನಲ್ಲಿ ಕುದಿಸಿದರು. ಬೇರೆಯವರು ಹುಟ್ಟಿದ ಮೇಲೆ ಬೇಯುತ್ತಾರೆ, ನಾನು ಬೆಂದೇ ಹುಟ್ಟಿದವನು.

ಹೊರಗೆ ತೆಗೆದು ಉಜ್ಜಿ ಹೊಳಪು ಕೊಟ್ಟ ಮೇಲೆ ಡಾಕ್ಟರು ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮುಂದಿನ ಒಂದು ಹಲ್ಲನ್ನು ಅವರು ಬೇಕೆಂದೇ ತುಸು ವಾರೆಯಾಗಿ ಕೂರಿಸಿದ್ದರು. ಪೂರಾ ಸಾಲಾಗಿದ್ದರೆ ಕಟ್ಟಿಸಿದ್ದು ಅಂತ ಜನಕ್ಕೆ ಗೊತ್ತಾಗುತ್ತದಂತೆ. ಇವನು ನಾಟಕದ ಹುಡುಗ, ಇನ್ನೂ ಮೂವತ್ತು ತುಂಬಿಲ್ಲ, ನಕ್ಕರೆ ಹುಡುಗಿಯರು ತಿರುಗಿ ನೋಡಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅದನ್ನು ಕೇಳಿ ನಾನು ಉಬ್ಬಿಹೋದೆ. ರಂಗದ ಮೇಲೆ ದೀಪದ ಬೆಳಕಿನಲ್ಲಿ ಹೊಳೆಯುವುದೇ ನನ್ನ ಹಣೆಬರಹ ಎಂದುಕೊಂಡೆ.

ನನ್ನ ಯಜಮಾನನ ಹೆಸರು ಫಕ್ಕೀರಪ್ಪ, ಮುಳಗುಂದದವನು. ಊರ ಮಂದಿಯೆಲ್ಲ ಈಗ ಅವನಿಗೆ ‘ಅವರು’ ‘ಇವರು’ ಎನ್ನುತ್ತಾರೆ. ಬಾಯೊಳಗೆ ಕೂತು ಒಳಗಿನದನ್ನೆಲ್ಲ ಕಂಡವನಿಗೆ ಅದು ನಾಲಿಗೆಗೆ ಬರುವುದಿಲ್ಲ, ಆದ್ದರಿಂದ ಏಕವಚನವನ್ನು ಯಾರೂ ತಪ್ಪು ತಿಳಿಯಬಾರದು. ಅವನು ರುದ್ರಗೌಡರ ನಾಟಕ ಕಂಪನಿಯಲ್ಲಿ ಎರಡನೇ ಹೀರೋ ಪಾರ್ಟು ಮಾಡುತ್ತಿದ್ದ. ಅದೇ ಕಂಪನಿಯ ನಾಯಕಿ ನೀಲವ್ವ ಅವನ ಹೆಂಡತಿ. ಒಂದು ದಿನ ತಾಲೀಮಿನ ಹೊತ್ತಿನಲ್ಲಿ ಪರದೆ ಮೇಲೇರದೆ ಸಿಕ್ಕಿಕೊಂಡಿತು. ಏನಾಗಿದೆ ಎಂದು ಫಕ್ಕೀರಪ್ಪ ಕೆಳಗೆ ನಿಂತು ಬಾಯಿ ತೆರೆದು ನೋಡುತ್ತಿದ್ದಾಗ ಪರದೆಯ ಗಳವೇ ಕಳಚಿ ಅವನ ಬಾಯಿಯ ಮೇಲೆ ಬಿತ್ತು. ಮುಂದಿನ ಹಲ್ಲುಗಳು ಅಲ್ಲೇ ಉದುರಿದವು. ಉಳಿದವು ಸಡಿಲಾಗಿ, ವಸಡಿನಲ್ಲಿ ಕೀವಾಗಿ, ಕೊನೆಗೆ ಡಾಕ್ಟರು ಎಲ್ಲವನ್ನೂ ಕಿತ್ತು ಹಾಕಬೇಕಾಯಿತು.

ಗಾಯ ಮಾಯದೆ ನನ್ನನ್ನು ಮಾಡಿಸುವಂತಿರಲಿಲ್ಲ. ಆ ನಡುವಿನ ತಿಂಗಳುಗಳಲ್ಲೇ ನನ್ನ ಹಣೆಬರಹ ಬದಲಾಗಿ ಹೋಯಿತು. ಕಂಪನಿಯ ಮುದುಕನ ಪಾರ್ಟಿನವನು ಹೇಳದೆ ಕೇಳದೆ ಬೇರೆ ಕಂಪನಿ ಸೇರಿದ. ಗೌಡರು ದಿಕ್ಕು ತೋಚದೆ ಫಕ್ಕೀರಪ್ಪನ ತಲೆಗೆ ಬಿಳಿ ವಿಗ್ ಇಟ್ಟು, ಮಗಳನ್ನು ಗಂಡನ ಮನೆಗೆ ಕಳಿಸುವ ಬಡತಂದೆಯ ಪಾರ್ಟಿಗೆ ನಿಲ್ಲಿಸಿದರು. ಕೆನ್ನೆ ಒಳಗೆ ಹೋಗಿತ್ತು, ತುಟಿ ಮಡಚಿತ್ತು, ಮೇಕಪ್ಪಿನ ಕೆಲಸ ಅರ್ಧ ತಾನಾಗಿಯೇ ಮುಗಿದಿತ್ತು. ಮಗಳ ಪಾರ್ಟು ನೀಲವ್ವನದು. ತಂದೆ ಮಗಳು ತಬ್ಬಿಕೊಂಡು ಅತ್ತ ದೃಶ್ಯಕ್ಕೆ ಹೆಂಗಸರ ಕಡೆಯ ಇಡೀ ಗ್ಯಾಲರಿ ಸೆರಗಿನಿಂದ ಕಣ್ಣು ಒರೆಸಿಕೊಂಡಿತಂತೆ. ನಾನು ಡಬ್ಬಿಯಲ್ಲಿ ಕೂತು ಕಂಪನಿಗೆ ಬರುವಷ್ಟರಲ್ಲಿ ನಾಟಕ ಹೆಸರು ಮಾಡಿತ್ತು, ನನ್ನ ಯಜಮಾನ ಮುದುಕನಾಗಿ ಪ್ರಸಿದ್ಧನಾಗಿದ್ದ.

ನೀಲವ್ವ ನನ್ನನ್ನು ಹಾಕಿಸಿ, ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದಳು. ಅವಳ ಕಣ್ಣು ಒದ್ದೆಯಾಗಿತ್ತು. ಗೌಡರು ಮಾತ್ರ ನನ್ನನ್ನು ಕಂಡು ಹೌಹಾರಿದರು.

“ಈ ಹಲ್ಲ ಯಾರರ ನೋಡಿದ್ರ ನಮ್ಮ ನಾಟಕದ ಕತಿ ಮುಗೀತು ಫಕ್ಕೀರಪ್ಪ. ಕ್ಯಾಂಪ್ ಇರೂತನಕ ಬಜಾರಕ್ಕೂ ಬೊಚ್ಚಬಾಯಿಲೇ ಹೋಗು. ನಿನ್ನ ಕೈಮುಗದು ಕೇಳ್ತೀನಿ.”

ಗೌಡರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಂಪನಿ ಒಂದು ಊರಿನಲ್ಲಿ ತಿಂಗಳುಗಟ್ಟಲೆ ಠಿಕಾಣಿ ಹೂಡುತ್ತದೆ. ಸಂಜೆ ಟಿಕೆಟ್ ತೆಗೆದು ನೋಡುವ ಮಂದಿಯೇ ಬೆಳಗ್ಗೆ ಚಹಾದಂಗಡಿಯಲ್ಲಿ ಪಕ್ಕಕ್ಕೆ ಕೂರುತ್ತಾರೆ. ನಿನ್ನೆ ಅಳಿಸಿದ ಮುದುಕ ಇವತ್ತು ಮೂವತ್ತೆರಡು ಹಲ್ಲು ಬಿಟ್ಟು ನಗುತ್ತ ಮಿರ್ಚಿ ಕಡಿಯುತ್ತಿದ್ದರೆ ನಾಳೆ ಯಾರು ಅಳುತ್ತಾರೆ? ಹೀಗಾಗಿ ನನಗೆ ಒಂದು ಸ್ಟೀಲ್ ಲೋಟ, ಅದರ ತುಂಬ ನೀರು, ಮೇಲೊಂದು ತಟ್ಟೆ ಮುಚ್ಚಳ ಗೊತ್ತಾಯಿತು. ಯಜಮಾನ ದುಡಿಯುವಾಗೆಲ್ಲ ನನಗೆ ರಜೆ. ಹೀರೋ ಆಗಲು ಬಂದವನು ನೀರಿನೊಳಗಿನ ಕಪ್ಪೆಯಾಗಿ ಕೂತೆ.

ಬರಿ ವಸಡಿನಲ್ಲಿ ಮಾತಾಡುವುದು ಹುಡುಗಾಟವಲ್ಲ. ‘ಸ’ ‘ಶ’ ಎಲ್ಲ ಗಾಳಿಯಾಗಿ ಹೋಗುತ್ತವೆ. ಫಕ್ಕೀರಪ್ಪ ಬೆಳಗ್ಗೆದ್ದು ನನ್ನ ಲೋಟದ ಪಕ್ಕ ಕೂತು, ನಾಲಿಗೆಯನ್ನು ವಸಡಿಗೆ ಒತ್ತಿ ಒತ್ತಿ, ಒಂದೊಂದೇ ಮಾತನ್ನು ಪಳಗಿಸುತ್ತಿದ್ದ. ವರ್ಷ ತುಂಬುವುದರೊಳಗೆ ನೆಲದ ಟಿಕೆಟಿನ ಕಟ್ಟಕಡೆಯವನಿಗೂ ಅಕ್ಷರ ಅಕ್ಷರ ಕೇಳುವ ಹಾಗೆ ಆಡತೊಡಗಿದ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಮುಚ್ಚುಮರೆ ಏಕೆ. ನಾನಿಲ್ಲದೆ ಅವನು ಇಷ್ಟು ಚೆನ್ನಾಗಿ ಮಾತಾಡುವುದನ್ನು ನಾನೇ ಕೂತು ಕೇಳಬೇಕಾಗಿತ್ತು.

ಕಂಪನಿಯ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ನಾಯಕಿಯಾದವಳು ಪೋಸ್ಟರಿನಲ್ಲಿ ಯಾವಾಗಲೂ ಕುಮಾರಿಯೇ. ನೀಲವ್ವ ಗೋಡೆಯ ಮೇಲೆಲ್ಲ ‘ಕುಮಾರಿ ನೀಲಾ’ ಆಗಿದ್ದಳು. ತಾಳಿಯನ್ನು ಕುಪ್ಪಸದೊಳಗೆ ಇಳಿಬಿಟ್ಟುಕೊಂಡು, ಕಾಲುಂಗುರ ತೆಗೆದಿಟ್ಟು ತಿರುಗಾಡಬೇಕಿತ್ತು. ಅತ್ತ ಅವಳ ತಾಳಿ ಒಳಗೆ, ಇತ್ತ ನಾನು ಲೋಟದೊಳಗೆ. ಇಬ್ಬರೂ ಜೊತೆಯಾಗಿ ಬಜಾರಕ್ಕೆ ಹೋದರೆ ಅಂಗಡಿಯವನು, “ನಿಮ್ಮಪ್ಪಾರನ್ನ ಕೇಳವಾ,” ಎನ್ನುತ್ತಿದ್ದ. ಬಸ್ಸಿನಲ್ಲಿ ಹುಡುಗರು ಎದ್ದು ಫಕ್ಕೀರಪ್ಪನಿಗೆ ಸೀಟು ಬಿಡುತ್ತಿದ್ದರು. ಅವನು ಕೂರುತ್ತಿದ್ದ, ಅವಳು ನಿಲ್ಲುತ್ತಿದ್ದಳು. ಅವಳಿಗೆ ಬೇಕಾದದ್ದು ಬಂಗಾರವಲ್ಲ, ಬಂಗಲೆಯಲ್ಲ. ನಾಕು ಮಂದಿಯ ನಡುವೆ ಗಂಡನ ಪಕ್ಕದಲ್ಲಿ ಹೆಂಡತಿಯಾಗಿ ನಿಲ್ಲಬೇಕಿತ್ತು, ಅಷ್ಟೇ. ಕ್ಯಾಂಪ್ ಬದಲಾಗುವಾಗ ಲಾರಿಯಲ್ಲಿ ಪರದೆ ಟ್ರಂಕುಗಳ ನಡುವೆ ಕೂತು ಅವನು ನನ್ನನ್ನು ಹಾಕಿಕೊಳ್ಳುತ್ತಿದ್ದ, ಅವಳು ತಾಳಿಯನ್ನು ಹೊರಗೆ ತೆಗೆದುಕೊಳ್ಳುತ್ತಿದ್ದಳು. ಒಂದು ಊರಿನ ಗಡಿ ದಾಟಿ ಇನ್ನೊಂದು ಊರು ಬರುವ ತನಕ ಅವರು ಗಂಡ ಹೆಂಡತಿ.

ಗುಳೇದಗುಡ್ಡದ ಕ್ಯಾಂಪಿನಲ್ಲಿ ಈ ವ್ಯವಸ್ಥೆಗೆ ಪೆಟ್ಟು ಬಿತ್ತು. ಒಂದು ಬೆಳಗ್ಗೆ ಸಂಗಪ್ಪ ಎಂಬ ಹಿರಿಯರು ಅವರ ಬಾಡಿಗೆ ಕೋಣೆಗೆ ಬಂದರು. ಕುಪ್ಪಸದ ಖಣ ನೇಯಿಸುವ ಮನೆತನದವರು, ಸಾತ್ವಿಕ ಮನುಷ್ಯ. ಕೈಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಅದರ ಮೇಲೊಂದು ಮಡಿಸಿದ ಖಣ. ಹಾಸಿದ ಜಮಖಾನದ ಮೇಲೆ ಕೂತು ಗಂಟಲು ಸರಿಮಾಡಿಕೊಂಡು ವಿಷಯಕ್ಕೆ ಬಂದರು.

“ಕಂಪನಿ ಮಂದಿ ಅಂತ ಕಡಿಮಿ ನೋಡಾವರಲ್ರಿ ನಾವು. ನಿಮ್ಮ ಮಗಳನ್ನ ನಮ್ಮ ತಮ್ಮನ ಮಗಗ ಕೊಡ್ರಿ. ಹುಡುಗ ಭಾಳ ಸಂಭಾವಿತ ಅದಾನ.”

ಇಲ್ಲಿ ಫಕ್ಕೀರಪ್ಪ ಮಾಡಬಾರದ್ದನ್ನು ಮಾಡಿದ. ಏನಾದರೂ ನೆಪ ಹೇಳಿ ಸಾಗಹಾಕಬಹುದಿತ್ತು. ಆದರೆ ನಟನ ಮುಂದೆ ಬಂದು ಯಾರಾದರೂ ಇಷ್ಟು ಒಳ್ಳೆಯ ದೃಶ್ಯ ಹಾಸಿಕೊಟ್ಟರೆ ಅವನ ಮೈಯಲ್ಲಿ ಪಾರ್ಟು ಹೊಕ್ಕೇಬಿಡುತ್ತದೆ. ಅವನು ನಿಟ್ಟುಸಿರು ಬಿಟ್ಟ. ಹುಡುಗನ ನಡತೆ ಕೇಳಿದ, ಮಗ್ಗ ಎಷ್ಟಿವೆ ಎಂದು ಕೇಳಿದ, ಅತ್ತೆಯ ಸ್ವಭಾವ ಹೇಗೆ ಎಂದು ವಿಚಾರಿಸಿದ. ತಾಯಿಯಿಲ್ಲದ ಕೂಸು, ಅಂಗೈಯಲ್ಲಿ ಬೆಳೆಸಿದ್ದೇನೆ ಎಂದು ಧೋತರದ ಚುಂಗಿನಿಂದ ಕಣ್ಣು ಒತ್ತಿಕೊಂಡ. ಸಂಗಪ್ಪನವರ ಕಣ್ಣಲ್ಲೂ ನೀರು ಬಂತು. ಒಳಗೆ ಒಲೆಯ ಮುಂದೆ ಕೂತಿದ್ದ ನೀಲವ್ವನಿಗೆ ಒಂದೊಂದು ಮಾತೂ ಕೇಳುತ್ತಿತ್ತು. ನನ್ನ ಲೋಟ ಅವಳ ಪಕ್ಕದ ಗೂಡಿನಲ್ಲೇ ಇತ್ತು. ಅವಳ ಮುಖ ಕೆಂಪಾದದ್ದು ಒಲೆಯ ಕಾವಿನಿಂದಲ್ಲ ಎಂದು ನನಗೆ ಗೊತ್ತಾಯಿತು.

ಅವಳು ಎದ್ದಳು. ತಾಳಿಯನ್ನು ಎಳೆದು ಸೆರಗಿನ ಮೇಲೆ ಬಿಟ್ಟುಕೊಂಡಳು. ತಟ್ಟೆಯಲ್ಲಿ ಎರಡು ಕಪ್ ಚಹಾ ಇಟ್ಟು, ನಡುವೆ ನನ್ನ ಲೋಟವನ್ನೂ ಇಟ್ಟುಕೊಂಡು ಹೊರಗೆ ಬಂದಳು. ಸಂಗಪ್ಪನವರಿಗೆ ಚಹಾ ಕೊಟ್ಟಳು. ಗಂಡನ ಮುಂದೆ ಲೋಟವನ್ನು ಕುಕ್ಕಿದಳು.

“ಹಾಕ್ಕೋರಿ. ಬೀಗರ ಮುಂದ ಬೊಚ್ಚಬಾಯಿಲೆ ಕುಂದರಬಾರದು.”

ಫಕ್ಕೀರಪ್ಪನಿಗೆ ಬೇರೆ ದಾರಿ ಇರಲಿಲ್ಲ. ಪಕ್ಕಕ್ಕೆ ತಿರುಗಿ ನನ್ನನ್ನು ಹಾಕಿಕೊಂಡು, ವಿಭೂತಿ ಹಚ್ಚಿದ ಹಣೆಯ ಮೇಲೆ ಕೂದಲು ಕಾಣದಂತೆ ಸುತ್ತಿದ್ದ ಬಿಳಿ ಟವೆಲಿನ ರುಮಾಲು ತೆಗೆದು, ಪೆಚ್ಚಾಗಿ ನಕ್ಕ. ಕರಿಗೂದಲಿನ ಹರೆಯದವನೊಬ್ಬ ಎದುರಿಗೆ ಕೂತಿದ್ದ. ಸಂಗಪ್ಪನವರ ಕಪ್ಪಿನಿಂದ ಚಹಾ ತೊಡೆಯ ಮೇಲೆ ಚೆಲ್ಲಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಅವರು ಒಳ್ಳೆಯವರು, ಸಿಟ್ಟಾಗಲಿಲ್ಲ. ತಂದ ಖಣವನ್ನು ವಾಪಸು ಒಯ್ಯುವುದು ಸರಿಯಲ್ಲ ಎಂದು, ಮುತ್ತೈದೆಗೆ ಕೊಡುವಂತೆ ನೀಲವ್ವನಿಗೇ ಕೊಟ್ಟು, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಹೋದರು. ನೀಲವ್ವ ಆ ಖಣವನ್ನು ಮತ್ತೆ ಮತ್ತೆ ಬಿಡಿಸಿ ನೋಡಿದಳು. ಅವತ್ತಿನ ಮಧ್ಯಾಹ್ನ ಅವಳಷ್ಟು ಸುಖಿ ಯಾರೂ ಇರಲಿಲ್ಲ.

ಸಂಗಪ್ಪನವರು ಹೆಂಡತಿಗೆ ಮಾತ್ರ ಹೇಳಿದರು. ಹೆಂಡತಿ ತಂಗಿಗೆ ಮಾತ್ರ ಹೇಳಿದಳು. ಸಂಜೆಯ ಹೊತ್ತಿಗೆ ಊರಿನ ಮಗ್ಗಗಳೆಲ್ಲ ಅದನ್ನೇ ನೇಯುತ್ತಿದ್ದವು. ಆಟಕ್ಕೆ ಜನ ಕಿಕ್ಕಿರಿದು ತುಂಬಿದರು, ಗೌಡರು ಕಾರಣ ತಿಳಿಯದೆ ಹಿಗ್ಗಿದರು. ತಂದೆ ಮಗಳನ್ನು ತಬ್ಬಿಕೊಂಡು ಅಳುವ ದೃಶ್ಯ ಬಂದಾಗ ಮುಂದಿನ ಸಾಲಿನಿಂದ ಒಬ್ಬ ಸೀಟಿ ಹೊಡೆದ. ಇನ್ನೊಬ್ಬ ‘ಬಿಗಿಯಾಗಿ ಹಿಡಕೋರಿ ಯಜಮಾನ್ರ’ ಎಂದು ಕೂಗಿದ. ಇಡೀ ಥಿಯೇಟರು ಬಿದ್ದು ಬಿದ್ದು ನಕ್ಕಿತು. ಆ ಊರಿನಲ್ಲಿ ಆ ನಾಟಕದ ಕಥೆ ಅಲ್ಲಿಗೆ ಮುಗಿಯಿತು, ಕ್ಯಾಂಪು ಎತ್ತಬೇಕಾಯಿತು.

ಗೌಡರು ಬೈಯಲಿಲ್ಲ, ಬಣ್ಣದ ಕೋಣೆಯ ಟ್ರಂಕಿನ ಮೇಲೆ ತಲೆಗೆ ಕೈಹೊತ್ತು ಕೂತುಬಿಟ್ಟರು. ಅದು ಬೈಗುಳಕ್ಕಿಂತ ಹೆಚ್ಚಾಯಿತು. ಕಂಪನಿಯಲ್ಲಿ ಅಡುಗೆಯವರಿಂದ ಹಿಡಿದು ಹಾರ್ಮೋನಿಯಂ ಪೇಟಿ ಬಾರಿಸುವವರ ತನಕ ಎಷ್ಟೊಂದು ಹೊಟ್ಟೆಗಳು ಆ ಒಂದು ಅಳುವಿನ ದೃಶ್ಯದ ಮೇಲೆ ನಿಂತಿದ್ದವು ಎಂಬುದು ನೀಲವ್ವನಿಗೆ ಗೊತ್ತಿತ್ತು. ಫಕ್ಕೀರಪ್ಪ ತಪ್ಪು ತನ್ನದು ಎಂದ. ಬೇಕಾದರೆ ಮುದುಕನ ಪಾರ್ಟು ಬಿಟ್ಟು ಊರಿಗೆ ಹೋಗಿ ಕಿರಾಣಿ ಅಂಗಡಿ ಹಾಕೋಣ, ಹಲ್ಲು ಹಾಕಿಕೊಂಡೇ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತೇನೆ ಎಂದ. ಅವಳು ತಾಳಿಯನ್ನು ತಾನೇ ಒಳಗೆ ಹಾಕಿಕೊಂಡಳು.

“ನೀವು ಅಂಗಡ್ಯಾಗ ಬೆಲ್ಲ ತೂಗೂದನ್ನ ನನ್ನ ಕಡೆ ನೋಡಾಕ ಆಗಂಗಿಲ್ಲ. ಹಲ್ಲ ಟ್ರಂಕಿನ್ಯಾಗ ಇಡ್ರಿ. ನಾಟಕ ಇರೂತನಕ ನಾ ಕುಮಾರಿನ.”

ಹೀಗೆ ನಾನು ಟ್ರಂಕಿಗೆ ಇಳಿದೆ. ಅಲ್ಲಿಂದ ಮುಂದಿನ ವರ್ಷಗಳನ್ನು ಕತ್ತಲಲ್ಲಿ, ನುಸಿ ಗುಳಿಗೆಯ ವಾಸನೆಯ ನಡುವೆ ಕೇಳಿ ತಿಳಿದವನು ನಾನು. ಮುಧೋಳ, ಸಿಂದಗಿ, ಇಳಕಲ್ಲು, ಎಲ್ಲ ಕಡೆ ತಂದೆ ಮಗಳು ಅಳಿಸಿದರು. ನೀಲವ್ವನಿಗೆ ವಯಸ್ಸಾಗಿ ತಾಯಿಯ ಪಾರ್ಟಿಗೆ ಬಂದಾಗಲಾದರೂ ಇಬ್ಬರೂ ರಂಗದ ಮೇಲೆ ಜೋಡಿಯಾಗುತ್ತಾರೇನೋ ಎಂದುಕೊಂಡೆ. ಅಷ್ಟರಲ್ಲಿ ಇವನು ಅಜ್ಜನ ಪಾರ್ಟಿಗೆ ಏರಿದ್ದ. ಮತ್ತೆ ಅವಳ ಅಪ್ಪನೇ.

ಆಮೇಲೆ ಸಿನಿಮಾದವರು ಕರೆದರು. ಪೂಜಾರಿ, ಭಿಕ್ಷುಕ, ಅಂಚೆಯವನು, ನಾಯಕನ ತಾತ, ಹೀಗೆ ಬಂದ ಪಾರ್ಟನ್ನೆಲ್ಲ ಅವನು ಸಂತೋಷದಿಂದ ಮಾಡಿದ. ಸಣ್ಣ ಪಾರ್ಟು ಎಂದು ಮುಖ ಗಂಟಿಕ್ಕಿದ್ದನ್ನು ನಾನು ನೋಡಲಿಲ್ಲ. ಪರದೆಯ ಮೇಲೆ ಅವನು ಎಷ್ಟು ಸಲ ಸತ್ತನೋ ಲೆಕ್ಕವಿಲ್ಲ. ಪ್ರತಿ ಸಲ ಸತ್ತು ಬಂದು ಹೋಟೆಲಿನ ಕೋಣೆಯಲ್ಲಿ ನನ್ನನ್ನು ಹಾಕಿಕೊಂಡು ಕಡಕ್ ರೊಟ್ಟಿ ಕಡಿಯುತ್ತಿದ್ದ. ಟ್ರಂಕಿನಿಂದ ನನ್ನನ್ನು ಹೊರಗೆ ತೆಗೆದದ್ದೇ ಆ ರೊಟ್ಟಿಗಾಗಿ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ದೀಪದ ಬೆಳಕಿನಲ್ಲಿ ಹೊಳೆಯದಿದ್ದರೂ ಕೆಲಸಕ್ಕೆ ಬಾರದವನಾಗಲಿಲ್ಲ ಎಂಬ ಸಮಾಧಾನ ನನಗೆ ಆಗ ಬಂತು.

ರುದ್ರಗೌಡರು ತೀರಿಕೊಂಡರು, ಕಂಪನಿ ಮುಚ್ಚಿತು. ಅವರಿಬ್ಬರೂ ಗದಗಿನಲ್ಲಿ ಚಿಕ್ಕ ಮನೆ ಮಾಡಿದರು. ಈಗ ತಡೆಯುವವರು ಯಾರೂ ಇರಲಿಲ್ಲ. ಆದರೆ ಅಷ್ಟು ವರ್ಷದ ರೂಢಿ, ನೀಲವ್ವನ ಕೈ ಮನೆಯಿಂದ ಹೊರಗೆ ಕಾಲಿಡುವಾಗ ತಾನಾಗಿಯೇ ತಾಳಿಯನ್ನು ಒಳಗೆ ಹಾಕಿಬಿಡುತ್ತಿತ್ತು. ಫಕ್ಕೀರಪ್ಪನಿಗೂ ಈಗ ನಿಜವಾದ ಮುಪ್ಪು ಬಂದಿತ್ತು. ವಸಡು ಸವೆದು ನಾನು ಅವನ ಬಾಯಲ್ಲಿ ಗಡಗಡ ಆಡುತ್ತಿದ್ದೆ. ಅನಂತರಾಯರ ಮಗ ನನ್ನ ಒಳಮೈಗೆ ಹೊಸ ಪದರು ಕೂರಿಸಿ ಕೊಟ್ಟರೂ ನಾನು ಇನ್ನು ಅವನ ವಯಸ್ಸನ್ನು ಇಳಿಸುವ ಸ್ಥಿತಿಯಲ್ಲಿರಲಿಲ್ಲ. ಹೊಸದಾಗಿ ಹಾಲು ಹಾಕಲು ಬಂದವಳು ‘ನಿಮ್ಮಪ್ಪಾರಿಗೆ ಅರಾಮ ಐತೇನ್ರಿ’ ಎಂದು ನೀಲವ್ವನನ್ನು ಕೇಳಿದಳು. ಅವಳು ನಕ್ಕು ಹೌದೆಂದಳು. ಆದರೆ ಅವತ್ತು ನನ್ನನ್ನು ತೊಳೆಯುವಾಗ ಬ್ರಶ್ಶನ್ನು ಎಷ್ಟು ಜೋರಾಗಿ ಉಜ್ಜಿದಳೆಂದರೆ, ಆ ನಗುವಿನ ಹಿಂದೆ ಏನಿತ್ತು ಎಂದು ನನಗೆ ತಿಳಿಯಿತು.

ಹೋದ ವರ್ಷ ರಾಣೆಬೆನ್ನೂರಿನ ಕಲಾವಿದರ ಸಂಘದವರು ಹಿರಿಯ ಪೋಷಕ ನಟ ಎಂದು ಫಕ್ಕೀರಪ್ಪನಿಗೆ ಸನ್ಮಾನ ಇಟ್ಟುಕೊಂಡರು. ಬೆಳಗ್ಗೆ ಹನ್ನೊಂದರ ಕಾರ್ಯಕ್ರಮ. ನೀಲವ್ವ ಅವನ ಜುಬ್ಬಾಕ್ಕೆ ಇಸ್ತ್ರಿ ಮಾಡಿಸಿ, ಇವತ್ತು ಹಲ್ಲು ಹಾಕಿಕೊಂಡೇ ವೇದಿಕೆ ಹತ್ತಬೇಕು ಎಂದು ಪಟ್ಟು ಹಿಡಿದಳು. ಕೊನೆಗೂ ನಾನು ರಂಗಕ್ಕೆ ಹೊರಟೆ. ವೇದಿಕೆಯ ಮೇಲೆ ಅವನಿಗೆ ಸಿಂಹಾಸನದಂಥ ಕುರ್ಚಿ. ನೀಲವ್ವನನ್ನು ಯಾರೂ ಮೇಲೆ ಕರೆಯಲಿಲ್ಲ. ಜೊತೆಗೆ ಬಂದವರು ಎಂದು ಕೆಳಗೆ ಎರಡನೇ ಸಾಲಿನಲ್ಲಿ ಕೂರಿಸಿದರು. ಶಾಲು, ಹಾರ, ಮೈಸೂರು ಪೇಟ, ಭಾಷಣ ಎಲ್ಲ ಮುಗಿದವು.

ಆಗ ಜನ ಎದ್ದು ನಿಂತು, ಮಗಳನ್ನು ಕಳಿಸಿಕೊಡುವ ಆ ಮಾತನ್ನು ಒಂದು ಸಲ ಆಡಬೇಕೆಂದು ಕೇಳಿದರು. ಫಕ್ಕೀರಪ್ಪ ಮೈಕಿನ ಮುಂದೆ ಬಂದ. ಸುಖವಾಗಿ ಸಂಸಾರ ಮಾಡು ಮಗಳೇ ಎಂದು ಶುರುಮಾಡಿದ. ನಾನು ಅಡ್ಡ ಬಂದೆ. ಅವನು ಆ ಮಾತನ್ನು ಕಲಿತದ್ದೇ ಬರಿ ವಸಡಿನಲ್ಲಿ. ನನ್ನನ್ನು ಇಟ್ಟುಕೊಂಡು ಆಡಿದರೆ ‘ಸ’ ಬಂದಲ್ಲೆಲ್ಲ ಸೀಟಿ ಹೊಡೆದಂತೆ ಕೇಳಿತು, ‘ಮಗಳೇ’ ಎನ್ನುವಲ್ಲಿ ನಾನು ಕಟಕಟ ಎಂದೆ. ಎರಡು ಸಾಲಿಗೆ ನಿಲ್ಲಿಸಿದ. ವಯಸ್ಸಾಯಿತು ಪಾಪ ಎಂಬಂತೆ ಜನ ಮೆತ್ತಗೆ ಚಪ್ಪಾಳೆ ತಟ್ಟಿದರು. ನನ್ನ ಯಜಮಾನನ ನಾಲಿಗೆ ಒಣಗಿತು. ಇಷ್ಟು ವರ್ಷ ರಂಗಕ್ಕೆ ಬರಬೇಕೆಂದು ಹಂಬಲಿಸಿದವನು ನಾನೇ, ಬಂದು ಅವನ ಮರ್ಯಾದೆ ಕಳೆದವನೂ ನಾನೇ ಎಂದು ನನಗೆ ಸಾಯುವಷ್ಟು ನಾಚಿಕೆಯಾಯಿತು.

ಅಷ್ಟರಲ್ಲಿ ಎರಡನೇ ಸಾಲಿನಿಂದ ನೀಲವ್ವ ಎದ್ದಳು. ಮಂಡಿನೋವಿನ ಕಾಲನ್ನು ಎತ್ತಿ ಇಡುತ್ತ ಮೆಟ್ಟಿಲು ಹತ್ತಿ ಅವನ ಮುಂದೆ ಬಂದು ನಿಂತಳು. ಅಂಗೈ ಚಾಚಿದಳು.

“ಕೊಡ್ರಿ ಇಲ್ಲೆ.”

ಅವನು ಜನರ ಕಡೆ ನೋಡಿದ. ಅವಳ ಕೈ ಹಾಗೇ ಇತ್ತು. ಅವನು ನನ್ನನ್ನು ತೆಗೆದು, ಅಷ್ಟೂ ಮಂದಿಯ ಕಣ್ಣೆದುರಿಗೆ, ಅವಳ ಅಂಗೈಯಲ್ಲಿ ಇಟ್ಟ. ಅವಳು ಮುಷ್ಟಿ ಮುಚ್ಚಿದಳು. ಬೇರೊಬ್ಬನ ಬಾಯಿಯ ಹಲ್ಲನ್ನು ಹಾಗೆ ಕೈಯಲ್ಲಿ ಹಿಡಿಯುವವಳು ಮಗಳಲ್ಲ, ನೆಂಟರವಳಲ್ಲ ಎಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಹೆಂಗಸರ ಕಡೆಯಿಂದ ಒಂದು ಗುಸುಗುಸು ಎದ್ದು ಅಡಗಿತು.

ಆಮೇಲೆ ಫಕ್ಕೀರಪ್ಪ ಮಾತಾಡಿದ. ಅವಳ ಬೆರಳ ಸಂದಿನಿಂದ ನಾನು ನೋಡಿದೆ. ಇಷ್ಟು ವರ್ಷ ಲೋಟದಲ್ಲಿ, ಟ್ರಂಕಿನಲ್ಲಿ ಕೂತು ಕೇಳಿದ ಮಾತಿಗೆ ಒಂದು ಮುಖವಿದೆ ಎಂದು ನನಗೆ ಅವತ್ತೇ ಕಂಡದ್ದು. ಮೈಕು ಬೇಡವಾಗಿತ್ತು, ಒಂದೊಂದು ಅಕ್ಷರವೂ ಗೋಡೆಗೆ ತಾಗಿ ಬರುತ್ತಿತ್ತು. ಸೊಂಟ ಬಾಗಿದ ನೀಲವ್ವ ಎದುರಿಗೆ ನಿಂತಲ್ಲೇ ಹೊಸ ಮದುಮಗಳಾಗಿ ತಲೆ ತಗ್ಗಿಸಿ, ಅವನ ಭುಜಕ್ಕೆ ಮುಖವಿಟ್ಟಳು. ಅವಳು ಅವನ ಹೆಂಡತಿ ಎಂದು ಅಲ್ಲಿದ್ದವರಿಗೆಲ್ಲ ಈಗ ಗೊತ್ತಾಗಿತ್ತು. ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ದಪ್ಪ ಮೀಸೆಯ ಗಂಡಸೊಬ್ಬ ಕನ್ನಡಕ ತೆಗೆದು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

ಮಾತು ಮುಗಿದ ಮೇಲೆ ಜನ ವೇದಿಕೆಗೆ ನುಗ್ಗಿದರು. ಅವರ ನಡುವೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಹುಡುಗಿಯ ಕೈಯಲ್ಲಿ ಹಸಿರು ಬಳೆ ಇನ್ನೂ ಹಾಗೇ ಇದ್ದವು. ಫಕ್ಕೀರಪ್ಪ ಒಂದು ಕಡೆ, ನೀಲವ್ವ ಒಂದು ಕಡೆ ನಿಂತಿದ್ದರು. ಹುಡುಗಿ ನೀಲವ್ವನ ತೋಳು ಹಿಡಿದು ಗಂಡನ ಪಕ್ಕಕ್ಕೆ ಸರಿಸಿ ನಿಲ್ಲಿಸಿದಳು.

“ಜೋಡಿಲೆ ನಿಂದರ್ರಿ ಅಮ್ಮಾರ, ಇಬ್ಬರಿಗೂ ಕೂಡೇ ನಮಸ್ಕಾರ ಮಾಡ್ತೀವಿ.”

ನೀಲವ್ವ ನಿಂತಳು. ಎಡಗೈಯಿಂದ ತಾಳಿಯನ್ನು ಹೊರಗೆ ತೆಗೆದು ಸೆರಗಿನ ಮೇಲೆ ಸರಿಯಾಗಿ ಬಿಟ್ಟುಕೊಂಡಳು. ಮಕ್ಕಳಿಬ್ಬರೂ ಬಗ್ಗಿದರು. ಫಕ್ಕೀರಪ್ಪ ಬೊಚ್ಚಬಾಯಿ ತುಂಬ ನಗುತ್ತ ನೂರು ವರ್ಷ ಬಾಳಿರೆಂದು ಹರಸಿದ. ನೀಲವ್ವನೂ ಹರಸಲು ಬಲಗೈ ಎತ್ತಿದಳು. ಆ ಮುಷ್ಟಿಯಲ್ಲಿ ನಾನಿರುವುದು ಸಂಭ್ರಮದಲ್ಲಿ ಅವಳಿಗೆ ಮರೆತೇ ಹೋಗಿತ್ತು. ಹೀಗಾಗಿ ಆ ಮದುಮಕ್ಕಳ ತಲೆಯ ಮೇಲೆ ಅವಳ ಜೊತೆ ನಾನೂ ಇಳಿದು ಆಶೀರ್ವಾದ ಮಾಡಿದೆ. ನನ್ನಂಥವನ ಹಾರೈಕೆಗೆ ಬೆಲೆಯಿದೆಯೋ ಇಲ್ಲವೋ ಗೊತ್ತಿಲ್ಲ, ಮನಸ್ಸಿನಿಂದಲೇ ಮಾಡಿದೆ.